ಸಾಲುಮರಗಳ ಚಿತ್ರ: ಮಿಡೆಲ್‌ಹಾರ್ನಿಸ್‌ನಿಂದ ಬಿಜಾಪುರ ರಸ್ತೆಯವರೆಗೆ

ಹೈದರಾಬಾದಿನಿಂದ ಪಡುವಣಕ್ಕೆ ಹೊರಟು ಮೊಯಿನಾಬಾದ್, ಚೇವೆಳ್ಳ, ಮನ್ನೆಗೂಡ, ಪರಿಗಿ, ಕೊಡಂಗಲ್‌ಗಳನ್ನು ಹಾದು ಬರುವ ಹೆದ್ದಾರಿಗೆ ಅಂಕಿಯ ಹೆಸರು ಬಂದು ಎಷ್ಟೋ ಕಾಲವಾಯಿತು. ಜನರ ಬಾಯಲ್ಲಿ ಮಾತ್ರ ಅದು ಇನ್ನೂ ಬಿಜಾಪುರ ರಸ್ತೆಯೇ. ಕೊಡಂಗಲ್ಲಿನಿಂದ ಅದೇ ದಿಕ್ಕು ಹಿಡಿದು ಮುಂದುವರಿದರೆ ಸೇಡಂ, ರಾಷ್ಟ್ರಕೂಟರ ಮಳಖೇಡ, ಕಲಬುರಗಿ. ನಮ್ಮ ಸಂಘದ ಸದಸ್ಯರಲ್ಲಿ ಈ ದಾರಿಯನ್ನು ತುಳಿಯದವರು ಇರಲಾರರು. ಹೆಣ್ಣು ನೋಡಲು, ಸಂತೆಗೆ, ಶರಣರ ಜಾತ್ರೆಗೆ, ದೊಡ್ಡಾಸ್ಪತ್ರೆಗೆ ಹೋಗಿಬಂದದ್ದೆಲ್ಲ ಈ ದಾರಿಯಲ್ಲಿಯೇ. ನಗರದ ಅಂಚಿನಿಂದ ಮನ್ನೆಗೂಡದವರೆಗೆ ಸುಮಾರು 46 ಕಿಲೋಮೀಟರ್ ಉದ್ದಕ್ಕೆ ಅದರ ಎರಡೂ ಬದಿಯಲ್ಲಿ ಆಲದ ಮರಗಳಿವೆ. ಎಣಿಸಿದವರು ಅವು ಸುಮಾರು 900 ಎನ್ನುತ್ತಾರೆ. ನಿಜಾಮರ ಕಾಲದಲ್ಲಿ ನೆಟ್ಟವು ಎಂಬುದು ಹಿರಿಯರ ಮಾತು.

ಸ್ಮರಣ ಸಂಚಿಕೆಗೆ ಇತಿಹಾಸದ ಲೇಖನವೊಂದನ್ನು ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಈ ಮರಗಳ ಇತಿಹಾಸವನ್ನೇ ಬರೆಯಬಹುದಿತ್ತು. ಆದರೆ ನಾನು ಮೂರು ದಶಕ ಡ್ರಾಯಿಂಗ್ ಮಾಸ್ತರನಾಗಿದ್ದವನು. ಶಾಸನ ಓದಿ ಬಲ್ಲವನಲ್ಲ. ನನಗೆ ತಿಳಿದಿರುವುದು ಚಿತ್ರಗಳ ಸಂಗತಿ. ಆದ್ದರಿಂದ ದಾರಿಬದಿಯ ಮರಸಾಲನ್ನು ಚಿತ್ರಿಸಿದವರ ವಿಷಯವಾಗಿ ಕೆಲವು ಮಾತುಗಳನ್ನು ಬರೆಯುತ್ತೇನೆ. ಇದರೊಳಗೆ ನನ್ನ ಒಂದು ತಪ್ಪಿನ ಕಥೆಯೂ ಸೇರಿದೆ. ಅದನ್ನು ಕೊನೆಗಿಟ್ಟುಕೊಂಡಿದ್ದೇನೆ.

ದಾರಿಬದಿಗೆ ಮರ ನೆಡಿಸುವುದು ಈ ದೇಶದಲ್ಲಿ ರಾಜಧರ್ಮವಾಗಿ ಬಂದದ್ದು. ಆದವಾನಿ, ಗುತ್ತಿ ಸೀಮೆಯ ನಮ್ಮ ಬಂಧುಗಳಿಗೆ ಎರ್ರಗುಡಿಯ ಬಂಡೆಗಳು ಅಪರಿಚಿತವಲ್ಲ. ಅಲ್ಲಿ ಅಶೋಕನ ಹದಿನಾಲ್ಕು ಬಂಡೆಶಾಸನಗಳೂ ಇವೆ. ಅವುಗಳಲ್ಲಿ ಎರಡನೆಯದು ಮನುಷ್ಯರಿಗೂ ಪಶುಗಳಿಗೂ ಉಪಯೋಗವಾಗಲೆಂದು ದಾರಿಗಳಲ್ಲಿ ಬಾವಿ ತೋಡಿಸಿದ, ಮರ ನೆಡಿಸಿದ ಸಂಗತಿಯನ್ನು ಹೇಳುತ್ತದೆ. ಈಗ ದೆಹಲಿಯಲ್ಲಿರುವ ತೋಪ್ರಾ ಸ್ತಂಭದ ಏಳನೆಯ ಶಾಸನವು ಆ ಮರ ಯಾವುದೆಂಬುದನ್ನೂ ಹೆಸರಿಸುತ್ತದೆ. ನೆರಳಿಗಾಗಿ ನೆಡಿಸಿದ್ದು ಆಲ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಮಾತಿದು. ಮರಗಳು ಉಳಿದಿಲ್ಲ, ಮಾತು ಉಳಿದಿದೆ. ಆದರೆ ಆ ಮರಗಳು ಹೇಗೆ ಕಾಣುತ್ತಿದ್ದವು ಎಂಬುದನ್ನು ಮಾತು ತೋರಿಸಲಾರದು.

ನಮ್ಮ ದೇಶದ ಒಂದು ಸಾಲುಮರದ ಹಾದಿಯು ಗೆರೆಗಳಲ್ಲಿ ಕಾಣಿಸಿಕೊಂಡ ಹಳೆಯ ಉದಾಹರಣೆಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ಒಂದು ಭೂಪಟ. ಜಹಾಂಗೀರನ ಆಸ್ಥಾನಕ್ಕೆ ಇಂಗ್ಲೆಂಡಿನ ರಾಯಭಾರಿಯಾಗಿ ಬಂದಿದ್ದ ಸರ್ ಥಾಮಸ್ ರೋ ಕೊಟ್ಟ ವಿವರಗಳನ್ನು ಆಧರಿಸಿ ವಿಲಿಯಂ ಬ್ಯಾಫಿನ್ ಎಂಬ ನಾವಿಕ 1619ರಲ್ಲಿ ಮೊಗಲ್ ಸಾಮ್ರಾಜ್ಯದ ನಕ್ಷೆಯೊಂದನ್ನು ಸಿದ್ಧಪಡಿಸಿದನು. ಅದರಲ್ಲಿ ಆಗ್ರಾದಿಂದ ಲಾಹೋರಿನವರೆಗೆ ಎರಡು ಸಾಲು ಪುಟ್ಟಪುಟ್ಟ ಮರಗಳನ್ನು ಬಿಡಿಸಿ, ಅದನ್ನು ದೀರ್ಘ ಪಥವೆಂದು ಕರೆಯಲಾಗಿದೆ. ನದಿ, ಬೆಟ್ಟ, ಪಟ್ಟಣಗಳೊಡನೆ ಸರಿಸಮನಾಗಿ ಒಂದು ಮರಸಾಲು ದೇಶದ ನಕ್ಷೆಯನ್ನು ಸೇರಿತೆಂದರೆ ಅದನ್ನು ಕಂಡ ಪರದೇಶಿಯ ಮನಸ್ಸಿನಲ್ಲಿ ಅದೆಷ್ಟು ದೊಡ್ಡದಾಗಿ ನಿಂತಿದ್ದಿರಬೇಕು! ಆದರೂ ನಕ್ಷೆಯ ಮರಗಳೆಲ್ಲ ಒಂದೇ ಅಚ್ಚಿನವು. ಯಾವ ಮರವೂ ಇಂಥದೇ ಎನ್ನುವಂತಿಲ್ಲ.

ಅದೇ ಜಹಾಂಗೀರನ ಚಿತ್ರಕಾರ ಅಬುಲ್ ಹಸನನ ಹೆಸರಿನಲ್ಲಿ ಪ್ರಸಿದ್ಧವಾದ ಅಳಿಲುಗಳ ಚಿತ್ರ ಇದಕ್ಕೆ ತೀರ ವಿರುದ್ಧವಾದದ್ದು. ಒಂದು ಚಿನಾರ್ ಮರ, ಅದರ ತುಂಬ ಅಳಿಲುಗಳು. ಒಂದೊಂದು ಎಲೆಗೂ ಅದರದೇ ಬಣ್ಣ, ಅದರದೇ ಬಾಗು. ನಮ್ಮ ಪರಂಪರೆಯ ಚಿತ್ರಕಾರರು ಮರವೊಂದರ ಎದುರಿಗೆ ಕುಳಿತು ಅದನ್ನು ಎಲೆಯೆಲೆಯಾಗಿ ಬಲ್ಲವರು. ಆದರೆ ಸಾಲುಮರದ ಚಿತ್ರವು ಬೇರೊಂದು ನೋಟವನ್ನು ಬೇಡುತ್ತದೆ. ನೋಡುವವನು ದಾರಿಯ ನಡುವೆ ನಿಲ್ಲಬೇಕು. ಹತ್ತಿರದ ಮರ ದೊಡ್ಡದಾಗಿ, ದೂರದ್ದು ಚಿಕ್ಕದಾಗಿ, ಎರಡು ಸಾಲೂ ಎಲ್ಲೋ ಒಂದು ಬಿಂದುವಿನಲ್ಲಿ ಕೂಡಿಕೊಳ್ಳಬೇಕು. ಶಾಲೆಯಲ್ಲಿ ನಾವು ಪರ್ಸ್ಪೆಕ್ಟಿವ್ ಎಂದು ಕಲಿಸುವ ಪಾಠ ಇದೇ. ಆ ಪಾಠಕ್ಕೆ ಜಗತ್ತಿನಾದ್ಯಂತ ಡ್ರಾಯಿಂಗ್ ಮಾಸ್ತರರು ಉದಾಹರಣೆಯಾಗಿ ತೋರಿಸುತ್ತ ಬಂದಿರುವ ಚಿತ್ರ ಡಚ್ಚರ ನಾಡಿನದು. ನನ್ನ ತರಗತಿಯ ಗೋಡೆಯ ಮೇಲೂ ಅದರ ಅಚ್ಚುಪ್ರತಿಯೊಂದು, ಅಂಚು ಹರಿದು, ಬಹುಕಾಲ ಇತ್ತು.

ಚಿತ್ರದ ಹೆಸರು ‘ಮಿಡೆಲ್‌ಹಾರ್ನಿಸ್‌ನ ಸಾಲುಮರದ ದಾರಿ’. ಬರೆದವನು ಮೈಂಡರ್ಟ್ ಹೊಬೆಮಾ. 1638ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿದ ಈತನು ಯಾಕೊಬ್ ವಾನ್ ರಾಯ್ಸ್‌ಡಾಲ್ ಎಂಬ ಹಿರಿಯ ಭೂದೃಶ್ಯ ಚಿತ್ರಕಾರನ ಶಿಷ್ಯ. ಮೂವತ್ತರ ವಯಸ್ಸಿನವರೆಗೆ ಕಾಡು, ನೀರುಗಿರಣಿ, ಕೊರಕಲು ದಾರಿಗಳ ಚಿತ್ರಗಳನ್ನು ಧಾರಾಳವಾಗಿ ಬರೆದನು. 1668ರಲ್ಲಿ ನಗರದ ಮೇಯರರೊಬ್ಬರ ಮನೆಯಲ್ಲಿ ಅಡುಗೆ ಕೆಲಸಕ್ಕಿದ್ದ ಹೆಣ್ಣುಮಗಳನ್ನು ಮದುವೆಯಾದನು. ಅದೇ ವರ್ಷ ಸುಂಕದ ಇಲಾಖೆಯಲ್ಲಿ ಆತನಿಗೊಂದು ನೌಕರಿ ಸಿಕ್ಕಿತು. ಹೊರನಾಡಿನಿಂದ ಬರುವ ದ್ರಾಕ್ಷಾರಸದ ಪೀಪಾಯಿಗಳನ್ನು ಅಳೆದು ಲೆಕ್ಕ ಬರೆಯುವ ಕೆಲಸ. ಅಲ್ಲಿಂದ ಮುಂದೆ ಕುಂಚ ಹಿಡಿದದ್ದೇ ಅಪರೂಪ. ಸಂಸಾರ ಕಟ್ಟಿಕೊಂಡು ಸರಕಾರಿ ನೌಕರಿ ಹಿಡಿದ ಕಲಾವಿದರ ಪಾಡು ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ಇದನ್ನು ಓದಿದಾಗ ನನಗೆ ಅನಿಸಿತ್ತು.

ಆದರೆ ಆತನ ಎಲ್ಲ ಚಿತ್ರಗಳಿಗಿಂತ ಮಿಗಿಲೆಂದು ಲೋಕ ಒಪ್ಪಿಕೊಂಡದ್ದು ಆ ಅಪರೂಪದ ಕಾಲದ್ದೇ. ಚಿತ್ರದ ಮೇಲೆ ಬರೆದ ಇಸವಿಯ ಮೂರನೆಯ ಅಂಕಿ ಅಳಿಸಿಹೋಗಿದ್ದರಿಂದ ಅದು 1669ರದೋ 1689ರದೋ ಎಂದು ವಿದ್ವಾಂಸರಲ್ಲಿ ದೀರ್ಘ ಚರ್ಚೆ ನಡೆಯಿತು. ಈಗ 1689 ಎಂಬುದೇ ನಿಂತಿದೆ. ಎಂದರೆ ಪೀಪಾಯಿ ಅಳೆಯತೊಡಗಿ ಇಪ್ಪತ್ತೊಂದು ವರ್ಷಗಳಾದ ಮೇಲೆ, ಐವತ್ತು ದಾಟಿದವನು ಬರೆದದ್ದು. ಸುಮಾರು 104 ಸೆಂಟಿಮೀಟರ್ ಎತ್ತರ, 141 ಸೆಂಟಿಮೀಟರ್ ಅಗಲದ ಬಟ್ಟೆ. 1871ರಿಂದ ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಮಿಡೆಲ್‌ಹಾರ್ನಿಸ್ ದಕ್ಷಿಣ ಹಾಲೆಂಡಿನ ದ್ವೀಪವೊಂದರ ಹಳ್ಳಿ. ಚಿತ್ರದಲ್ಲಿ ನೆಲ ತಟ್ಟೆಯಂತೆ ಸಪಾಟಾಗಿದೆ. ಕ್ಷಿತಿಜವು ಕೆಳಗಿದ್ದು ಮೇಲಿನ ಬಹುಭಾಗವೆಲ್ಲ ಆಕಾಶ, ಮೋಡ. ನಟ್ಟನಡುವೆ ಗಾಲಿಗಳ ಜಾಡು ಬಿದ್ದ ಮಣ್ಣಿನ ದಾರಿ ನೇರವಾಗಿ ಊರ ಕಡೆಗೆ ಹೋಗುತ್ತದೆ. ಎರಡೂ ಬದಿ ಕಾಲುವೆ, ಕಾಲುವೆಯ ಅಂಚಿಗೆ ಮರಗಳು. ಮರಗಳೆಂದರೆ ನಮ್ಮ ಕಡೆಯವರಿಗೆ ನಗು ಬರಬೇಕು, ಅಷ್ಟು ಸಣಕಲು! ಕೆಳಗಿನ ಕೊಂಬೆಗಳನ್ನೆಲ್ಲ ಸವರಿ, ತುದಿಯಲ್ಲೊಂದು ಜುಟ್ಟು ಬಿಟ್ಟಂತಿವೆ. ದಾರಿಯಲ್ಲಿ ಒಬ್ಬನು ನಾಯಿಯೊಡನೆ ನಮ್ಮತ್ತ ನಡೆದು ಬರುತ್ತಿದ್ದಾನೆ. ಎಡಗಡೆ ದೂರದಲ್ಲಿ ಚರ್ಚಿನ ಗೋಪುರ. ಬಲಗಡೆ ತೋಟದ ಮನೆ, ಮಾತಾಡುತ್ತ ನಿಂತ ಗಂಡು ಹೆಣ್ಣು. ಅದರ ಈಚೆ ಸಸಿಗಳ ಮಡಿಯಲ್ಲಿ ಒಬ್ಬನು ಬಗ್ಗಿ ಗಿಡ ಸವರುತ್ತಿದ್ದಾನೆ. ಈ ಕೊನೆಯವನ ಮೇಲೆ ನನಗೆ ವಿಶೇಷ ಅಕ್ಕರೆ. ಸಾಲುಮರದ ಚಿತ್ರದೊಳಗೆ ಗಿಡ ಸಾಕುವವನನ್ನೂ ಸೇರಿಸಿದ್ದು ಹೊಬೆಮಾನ ದೊಡ್ಡತನ.

ಈ ಚಿತ್ರವನ್ನು ನೋಡುವವರು ಅದರ ಮೂರು ನೂರಕ್ಕೂ ಹೆಚ್ಚಿನ ವಯಸ್ಸನ್ನು ಮರಗಳ ಮೇಲೆಯೂ ಹೊರಿಸಿ ಪುರಾತನ ವೃಕ್ಷಗಳೆಂದು ಮಾತಾಡುವುದುಂಟು. ಅವು 1664ರಲ್ಲಿ ನೆಟ್ಟವು. ಚಿತ್ರ ಬರೆದಾಗ ಅವುಗಳ ವಯಸ್ಸು ಇಪ್ಪತ್ತೈದು. ಹಳ್ಳಿಯವರು ನೆಟ್ಟ ಗಿಡಗಳು ಎದ್ದು ನಿಂತ ಹೊತ್ತಿಗೆ ಹೊಬೆಮಾ ಅಲ್ಲಿಗೆ ಬಂದನು, ಅಷ್ಟೇ. ಒಂದು ಊರು ಮಾಡಿದ ಸಾರ್ವಜನಿಕ ಕೆಲಸದ ಚಿತ್ರವದು. ದಾರಿ, ಕಾಲುವೆ, ಸಸಿಮಡಿ, ಸಾಲು ಎಲ್ಲವೂ ಮನುಷ್ಯರು ಅಳೆದು ಮಾಡಿದ್ದು. ಅಳೆಯುವುದೇ ವೃತ್ತಿಯಾಗಿದ್ದವನ ಕಣ್ಣಿಗೆ ಅದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ನಿವೃತ್ತಿಯ ತರುವಾಯ ಓದಿ ತಿಳಿದ ಇನ್ನೊಂದು ಸಂಗತಿಯಿದೆ. ಗ್ಯಾಲರಿಯವರು ಕ್ಷಕಿರಣದಿಂದ ಪರೀಕ್ಷಿಸಿದಾಗ ಚಿತ್ರದ ಮುಂಭಾಗದಲ್ಲಿ ಇನ್ನೆರಡು ಮರಗಳು ಕಂಡವು. ದಾರಿಯ ಆಚೆಗೊಂದು, ಈಚೆಗೊಂದು. ಹೊಬೆಮಾ ಮೊದಲು ಅವನ್ನು ಬರೆದು, ಆಮೇಲೆ ಮೇಲಿನಿಂದ ಬಣ್ಣ ಹಚ್ಚಿ ಮುಚ್ಚಿಬಿಟ್ಟಿದ್ದನು. ಅವು ಇದ್ದಿದ್ದರೆ ಹೊಸಿಲಲ್ಲಿ ನಿಂತು ಬಾಗಿಲೊಳಗಿಂದ ನೋಡಿದಂತೆ ಆಗುತ್ತಿತ್ತು. ತೆಗೆದದ್ದರಿಂದ ನೋಡುವವನಿಗೆ ದಾರಿ ತೆರವಾಯಿತು. ಚಿತ್ರಕಾರನ ಲೆಕ್ಕದಲ್ಲಿ ಇದು ಸರಿ. ಇದನ್ನು ಓದಿದ ದಿನ ನನಗೆ ಮಾತ್ರ ಊಟ ಸೇರಲಿಲ್ಲ. ಕಾರಣವನ್ನು ಆಮೇಲೆ ಹೇಳುತ್ತೇನೆ.

ಹೊಬೆಮಾ ಚಿತ್ರಕ್ಕಾಗಿ ಎರಡು ಮರಗಳನ್ನು ಬಿಟ್ಟುಕೊಟ್ಟನು. ಇನ್ನೂರು ವರ್ಷಗಳ ಮೇಲೆ ಫ್ರಾನ್ಸಿನಲ್ಲಿ ಇನ್ನೊಬ್ಬನು ಚಿತ್ರಕ್ಕಾಗಿ ಮರಗಳನ್ನು ಕೊಂಡುಕೊಂಡನು. ಕ್ಲೋದ್ ಮೊನೆ 1891ರಲ್ಲಿ ತನ್ನ ಊರು ಜಿವರ್ನಿಯ ಬಳಿ ಎಪ್ಟ್ ನದಿಯ ದಡದಲ್ಲಿ ಸಾಲಾಗಿ ನಿಂತ ಪಾಪ್ಲರ್ ಮರಗಳನ್ನು ಚಿತ್ರಿಸತೊಡಗಿದ್ದನು. ಮರಗಳು ಲಿಮೆಟ್ಸ್ ಎಂಬ ಹಳ್ಳಿಯ ಪಂಚಾಯಿತಿಗೆ ಸೇರಿದವು. ಬಲಿತಿವೆ, ಹರಾಜು ಹಾಕುತ್ತೇವೆ ಎಂದು ಪಂಚಾಯಿತಿ ಸಾರಿತು. ಚಿತ್ರಗಳು ಇನ್ನೂ ಅರ್ಧದಲ್ಲಿವೆ. ಮೊನೆ ಒಬ್ಬ ಮರದ ವ್ಯಾಪಾರಿಯನ್ನು ಕಂಡು, ಹರಾಜಿನಲ್ಲಿ ಆತ ಕೊಡಲೊಪ್ಪುವ ಬೆಲೆಗಿಂತ ಹೆಚ್ಚಾದುದನ್ನು ತಾನು ತುಂಬಿಕೊಡುವುದಾಗಿಯೂ, ಅದಕ್ಕೆ ಪ್ರತಿಯಾಗಿ ಚಿತ್ರ ಮುಗಿಯುವವರೆಗೆ ಮರಗಳನ್ನು ನಿಲ್ಲಿಸಬೇಕೆಂದೂ ಒಪ್ಪಂದ ಮಾಡಿಕೊಂಡನು. ಹಾಗೆ ಕೊಂಡ ಕೆಲವು ತಿಂಗಳುಗಳಲ್ಲಿ ಸುಮಾರು 24 ಚಿತ್ರಗಳಾದವು. ಒಂದು ದೋಣಿಯಲ್ಲಿ ಹಲವು ಕ್ಯಾನ್ವಾಸುಗಳನ್ನು ಇಟ್ಟುಕೊಂಡು, ಬೆಳಕು ಬದಲಾದಂತೆ ಒಂದನ್ನು ಇಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದನಂತೆ. ಒಂದು ಬೆಳಕು ಏಳೇ ನಿಮಿಷ ನಿಲ್ಲುತ್ತಿತ್ತೆಂದು ನೆರೆಯಲ್ಲಿದ್ದ ಚಿತ್ರಕಾರ್ತಿ ಲಿಲ್ಲಾ ಕ್ಯಾಬಟ್ ಪೆರ್ರಿ ಬರೆದಿಟ್ಟಿದ್ದಾಳೆ. ಚಿತ್ರಗಳು ಮುಗಿದವು, ಮರಗಳು ಕೊಡಲಿಗೆ ಹೋದವು. ಮೊನೆ ಮರಗಳನ್ನು ಉಳಿಸಲಿಲ್ಲ, ಉಳಿಸುತ್ತೇನೆಂದು ಹೇಳಿಕೊಳ್ಳಲೂ ಇಲ್ಲ. ಅವನು ಕೊಂಡದ್ದು ಕಾಲವನ್ನು.

ಇನ್ನು ನಮ್ಮ ಆಲದ ಸಾಲಿಗೆ ಬರೋಣ. ಹೊಬೆಮಾನ ಸೂತ್ರವನ್ನು ಹಿಡಿದು ಅದನ್ನು ಚಿತ್ರಿಸಹೋದವರು ಸೋಲುತ್ತಾರೆ. ಇದು ಮಕ್ಕಳ ಕೈಯಲ್ಲಿ ವರ್ಷವರ್ಷವೂ ಪ್ರಯತ್ನಿಸಿ ಕಲಿತ ಮಾತು. ಡಚ್ ದಾರಿಯಲ್ಲಿ ಆಕಾಶವೇ ಮುಖ್ಯ. ಇಲ್ಲಿ ಆಕಾಶ ಕಾಣುವುದೇ ಇಲ್ಲ. ಎರಡು ಬದಿಯ ಕೊಂಬೆಗಳು ಮೇಲೆ ಒಂದನ್ನೊಂದು ಹೆಣೆದುಕೊಂಡು ಚಪ್ಪರವಾಗಿರುತ್ತವೆ. ಅಲ್ಲಿ ಕಾಂಡಗಳು ಅಳತೆಗೋಲಿನಂತೆ ಸಮ ಅಂತರದಲ್ಲಿ ನಿಂತು ದೂರವನ್ನು ತೋರಿಸುತ್ತವೆ. ಇಲ್ಲಿ ಒಂದು ಮರದ ಕಾಂಡವೆಲ್ಲಿ ಮುಗಿಯಿತು, ಬಿಳಲೆಲ್ಲಿ ಮೊದಲಾಯಿತು ಎನ್ನುವುದೇ ತಿಳಿಯದು. ರಸ್ತೆಯ ಕಡೆಗೆ ಇಳಿದ ಬಿಳಲುಗಳನ್ನು ಬಸ್ಸು ಲಾರಿಗಳಿಗೆ ತಾಗದಂತೆ ಕತ್ತರಿಸುತ್ತಾರೆ. ಹೊಲದ ಕಡೆಯವು ನೆಲಕ್ಕಿಳಿದು ದಪ್ಪವಾಗುತ್ತವೆ. ಆದ್ದರಿಂದ ಪ್ರತಿ ಮರವೂ ರಸ್ತೆಗೆ ಒಂದು ಮೈ, ಹೊಲಕ್ಕೆ ಇನ್ನೊಂದು ಮೈ ತೋರಿಸಿಕೊಂಡು ನಿಂತಿರುತ್ತದೆ.

ಬಣ್ಣದ ವಿಷಯವೂ ಹಾಗೆಯೇ. ಮಕ್ಕಳು ಕಾಂಡವೆಂದರೆ ಕಂದು, ಎಲೆಯೆಂದರೆ ಡಬ್ಬಿಯಲ್ಲಿರುವ ಹಸಿರು ಎಂದುಕೊಂಡಿರುತ್ತಾರೆ. ಮಕ್ಕಳನ್ನು ಆಲದ ಕೆಳಗೆ ಕೂರಿಸಿ ಕಾಂಡದ ಬಣ್ಣ ಹೇಳಿರೆಂದರೆ ಮೊದಲು ಸುಮ್ಮನಿರುತ್ತಾರೆ. ಬೂದಿಗೆ ತುಸು ನೇರಳೆ ಬೆರೆಸಿದ ಬಣ್ಣ, ಮಳೆಯಾದ ಮರುದಿನ ಅದೇ ಕಪ್ಪು. ಇಲಾಖೆಯವರು ಬಳಿದ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬೇರೆ. ನೆರಳು ಎಂದೂ ಕಪ್ಪಲ್ಲ. ಅದರೊಳಗೆ ನಾಣ್ಯ ಚೆಲ್ಲಿದಂತೆ ಬಿಸಿಲಿನ ಚುಕ್ಕೆಗಳಿರುತ್ತವೆ. ಆ ಚುಕ್ಕೆಗಳನ್ನು ನೀರುಬಣ್ಣದಲ್ಲಿ ಆಮೇಲೆ ಇಡಲು ಬರುವುದಿಲ್ಲ. ಮೊದಲೇ ಕಾಗದದ ಬಿಳಿಯನ್ನು ಬಿಟ್ಟುಕೊಂಡಿರಬೇಕು. ಸಾಲಿನ ಕೊನೆಯಲ್ಲಿ, ದಾರಿ ಬಯಲಿಗೆ ಬೀಳುವಲ್ಲಿ, ಅಂಗೈಯಷ್ಟು ಬೆಳಕು. ಹೊಬೆಮಾನ ದಾರಿ ದೂರಕ್ಕೆ ಹೋದಂತೆ ಮಸುಕಾಗುತ್ತದೆ, ನಮ್ಮದು ದೂರಕ್ಕೆ ಹೋದಂತೆ ಬೆಳಗುತ್ತದೆ.

ಈಗ ನನ್ನ ತಪ್ಪಿನ ಕಥೆ. ಬಿಜಾಪುರ ರಸ್ತೆಯಿಂದ ನಮ್ಮ ಊರಿಗೆ ಒಂದು ಕವಲುದಾರಿ ಇದೆ. ಅದರ ಬಾಯಲ್ಲಿಯೂ ಹಳೆಯ ಆಲದ ಮರಗಳಿದ್ದವು, ಎರಡೂ ಬದಿ ಸೇರಿ ಹದಿಮೂರು. 1993ರ ಬೇಸಿಗೆಯ ಮೊದಲು, ಡ್ರಾಯಿಂಗ್ ಲೋವರ್ ಪರೀಕ್ಷೆಗೆ ಕೂರುವ ಮಕ್ಕಳನ್ನು ಕರೆದುಕೊಂಡು ಹೋಗಿ ಅಲ್ಲಿ ಕೂರಿಸಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಕೈ ಬಹಳ ಚೆನ್ನಾಗಿತ್ತು. ಅವಳು ಪೆನ್ಸಿಲಿನಲ್ಲಿ ಹದಿಮೂರೂ ಮರಗಳನ್ನು ಕಂಡಂತೆಯೇ ಕೂಡಿಸಿದ್ದಳು. ಎದುರಿಗಿದ್ದ ಎರಡು ಮರಗಳು ಕಾಗದದ ಅರ್ಧವನ್ನು ತುಂಬಿಕೊಂಡಿದ್ದವು. ದಾರಿ ಕಾಣುತ್ತಿರಲಿಲ್ಲ.

“ಈ ಎರಡನ್ನು ತೆಗೆದುಬಿಡು ತಾಯಿ, ದಾರಿ ತೆರವಾಗಲಿ” ಎಂದೆ.

“ಸಾರ್, ಅವು ಅಲ್ಲೇ ಅವಲ್ಲ?” ಎಂದು ಕೇಳಿದಳು.

“ಇದ್ದದ್ದನ್ನೆಲ್ಲ ಬರೆದರೆ ಚಿತ್ರ ಆಗುವುದಿಲ್ಲ” ಎಂದು ದೊಡ್ಡ ಮಾತಾಡಿದೆ.

ಅವಳು ರಬ್ಬರಿನಿಂದ ಉಜ್ಜಿದಳು. ಚಿತ್ರ ನಿಜವಾಗಿಯೂ ಚೆನ್ನಾಗಿ ಬಂತು. ಮುಂಭಾಗದಲ್ಲಿ ತೆಳುವಾದ ಕೆಮ್ಮಣ್ಣಿನ ಬಣ್ಣ, ಆಚೆ ಹನ್ನೊಂದು ಮರಗಳು, ಕೊನೆಯಲ್ಲಿ ಬೆಳಕು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದಳು. ಆಗ ಹೊಬೆಮಾ ಮುಚ್ಚಿದ ಎರಡು ಮರಗಳ ಸುದ್ದಿ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಇನ್ನಷ್ಟು ಗರ್ವದಿಂದ ಅದೇ ಮಾತನ್ನು ಹೇಳುತ್ತಿದ್ದೆನೋ ಏನೋ.

ಕವಲುದಾರಿ ಕೆಲವು ವರ್ಷಗಳ ಹಿಂದೆ ಅಗಲವಾಯಿತು. ಹದಿಮೂರೂ ಮರಗಳು ಹೋದವು. ದಾರಿ ಅಗಲವಾಗಬಾರದಿತ್ತು ಎಂದು ನಾನು ಹೇಳಲಾರೆ. ಬಿಜಾಪುರ ರಸ್ತೆಯ ಇಕ್ಕಟ್ಟಿನಲ್ಲಿ ಎದುರುಬದುರಾಗಿ ಬಂದ ವಾಹನಗಳಿಂದ ನಮ್ಮ ಮನೆಗಳೂ ನೆರೆಮನೆಗಳೂ ಕಳೆದುಕೊಂಡದ್ದನ್ನು ಮರೆಯುವಂತಿಲ್ಲ. ಅಲ್ಲಿಯ ಆಲಗಳ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿ ಕಾಮಗಾರಿಯೇ ಕೆಲಕಾಲ ನಿಂತಿತ್ತು. ಮರಗಳನ್ನು ನಡುವೆ ಬಿಟ್ಟು ಆಚೆಯಿಂದ ಹೊಸ ದಾರಿ ತೆಗೆಯಬಹುದೆನ್ನುವವರ ವಾದ ನನಗೆ ಸರಿಯಾಗಿ ಕಾಣುತ್ತದೆ. ನಮ್ಮ ಕವಲುದಾರಿಯ ಹದಿಮೂರು ಮರಗಳ ಪರವಾಗಿ ಕೇಳಲು ಯಾರೂ ಹೋಗಲಿಲ್ಲ, ನಾನೂ ಹೋಗಲಿಲ್ಲ.

ಕಳೆದ ವರ್ಷ ಸಂಘದ ಓದುಕೋಣೆಗೆ ಊರಿನ ಹಳೆಯ ಚಿತ್ರಗಳನ್ನು ಕೂಡಿಸುವಾಗ, ಈಗ ಪರ ಊರಿನಲ್ಲಿ ಸಂಸಾರ ಹೂಡಿರುವ ಆ ಹುಡುಗಿಗೆ ಹೇಳಿಕಳಿಸಿದೆವು. ಅವಳು ಆ ಚಿತ್ರವನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳು, ಸುತ್ತಿ ಕಳಿಸಿಕೊಟ್ಟಳು. ಬಿಚ್ಚಿ ಮೇಜಿನ ಮೇಲೆ ಹಾಸಿದಾಗ ಸುತ್ತ ನೆರೆದವರಿಗೆ ಬಹಳ ಸಂತೋಷವಾಯಿತು. ಇದು ಇಂಥ ಮರ, ಇದು ಇಂಥವರ ಹೊಲದ ಎದುರಿನದು ಎಂದು ಬೆರಳಿಟ್ಟು ತೋರಿಸತೊಡಗಿದರು. ಹಿರಿಯರೊಬ್ಬರು ಮಾತ್ರ ಹುಡುಕುತ್ತಲೇ ಇದ್ದರು.

“ಅರವಟ್ಟಿಗೆ ಆಲ ಎಲ್ಲೈತಿ, ಮಾಸ್ತರ?” ಎಂದು ಕೇಳಿದರು.

ಅವರ ತಂದೆ ಬೇಸಿಗೆಯಲ್ಲಿ ಕೊಡ ಇಟ್ಟು ದಾರಿಹೋಕರಿಗೆ ನೀರು ಕೊಡುತ್ತಿದ್ದುದು ಎಡಗಡೆಯ ಮೊದಲನೆಯ ಮರದ ಕೆಳಗೆ. ನಾನು ಉಜ್ಜಿಸಿದ ಎರಡರಲ್ಲಿ ಅದೊಂದು. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಸುಮ್ಮನೆ ಕಾಗದವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕಿಟಕಿಯ ಹತ್ತಿರ ಹೋದರು. ಕಣ್ಣು ಸರಿಯಾಗಿ ಕಾಣದವರು, ಬೆಳಕಿಗೆ ಹಿಡಿದು ನೋಡುವುದು ಅವರ ರೂಢಿ. ಓರೆಯಾಗಿ ಬಿದ್ದ ಬೆಳಕಿನಲ್ಲಿ ಮುಂಭಾಗದ ಕೆಮ್ಮಣ್ಣಿನ ಬಣ್ಣದೊಳಗಿಂದ ಗೀರುಗಳು ಎದ್ದು ಕಂಡವು. ಹುಡುಗಿ ಒತ್ತಿ ಬರೆಯುವವಳು. ರಬ್ಬರು ಸೀಸವನ್ನು ತೆಗೆದಿತ್ತು, ಕಾಗದದಲ್ಲಿ ಕೊರೆದ ಗೆರೆ ಹಾಗೆಯೇ ಇತ್ತು. ಕಾಂಡ, ಬಿಳಲು, ರಸ್ತೆಯ ಕಡೆಗೆ ಕತ್ತರಿಸಿದ ಕೊಂಬೆಯ ಮೊಂಡು. ಬುಡದಲ್ಲಿ ಚಿಕ್ಕದೊಂದು ಚೌಕ.

“ಇದು ಕೊಡ ಇಡೋ ಕಲ್ಲು” ಎಂದರು ಹಿರಿಯರು.

ಚಿತ್ರಕ್ಕೆ ಚೌಕಟ್ಟು ಹಾಕಿಸಿದ್ದೇವೆ. ಓದುಕೋಣೆಯಲ್ಲಿ ಅದನ್ನು ತೂಗುಹಾಕಲು ಮೂರು ಗೋಡೆಗಳಿದ್ದವು. ಬೆಳಗಿನ ಹೊತ್ತು ಕಿಟಕಿಯ ಬೆಳಕು ಓರೆಯಾಗಿ ಬೀಳುವ ಮೂಡಣ ಕಿಟಕಿಯ ಮಗ್ಗುಲಿನ ಗೋಡೆಗೆ ಹಾಕಿದ್ದೇವೆ. ಸಮ್ಮೇಳನಕ್ಕೆ ಬಂದವರು ನೋಡುವುದಾದರೆ ಒಂಬತ್ತು ಗಂಟೆಯೊಳಗೆ ಬರಬೇಕು. ಆಮೇಲೆ ಹನ್ನೊಂದೇ ಮರಗಳು ಕಾಣುತ್ತವೆ.